ಬೀಳದೆಯೇ ಸೀಳಿದ ಮರ

ಜೆಬೆಲ್ ಅಲಿಯಲ್ಲಿ ನಾನು ಕೆಲಸ ಮಾಡುತ್ತಿದ್ದ ಪರೀಕ್ಷಾಲಯಕ್ಕೆ ದಿನವೂ ಬರುತ್ತಿದ್ದುದು ಕಾಂಕ್ರೀಟಿನ ಗಟ್ಟಿಗಳು, ಕಬ್ಬಿಣದ ಸರಳುಗಳು, ಡಾಂಬರಿನ ಬಿಲ್ಲೆಗಳು. ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ದುಬೈಯಲ್ಲಿ ಎತ್ತ ನೋಡಿದರೂ ಕ್ರೇನುಗಳು. ಯಾವ ಕಂಬ ಎಷ್ಟು ಭಾರ ತಡೆಯುತ್ತದೆ ಎಂದು ಹೇಳುವುದು ನಮ್ಮ ಉದ್ಯೋಗ. ಗಟ್ಟಿಯನ್ನು ಯಂತ್ರದೊಳಗಿಟ್ಟು ಪುಡಿಯಾಗುವ ತನಕ ಒತ್ತುವವರು ಗಂಡಸರು. ಅವರು ಗೀಚಿಕೊಟ್ಟದ್ದನ್ನು ಕಂಪ್ಯೂಟರಿನಲ್ಲಿ ಟೈಪು ಮಾಡಿ ಮ್ಯಾನೇಜರರ ಸಹಿಗೆ ಕಳಿಸುವವಳು ನಾನು.

ಇದರಲ್ಲಿ ನನಗೊಂದು ಒಳಸಂಕಟವಿತ್ತು. ಮದುವೆಗೆ ಮುಂಚೆ ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಐದು ವರ್ಷ ನಾನೇ ಯಂತ್ರದ ಮುಂದೆ ನಿಂತವಳು. ಅಲ್ಲಿ ನನ್ನ ಕೆಲಸ ಮರ ಮುರಿಯುವುದು. ಪ್ಲೈವುಡ್ಡು, ಬಾಗಿಲಿನ ಚೌಕಟ್ಟು, ಕ್ರಿಕೆಟ್ ಬ್ಯಾಟು, ಏನು ಕೊಟ್ಟರೂ ಬಗ್ಗಿಸಿ, ಎಳೆದು, ಸೀಳಿ, ಎಲ್ಲಿ ಸೋತಿತು, ಯಾಕೆ ಸೋತಿತು ಎಂದು ಬರೆಯಬೇಕು. ಮೈಸೂರಿನಲ್ಲಿ ನಮ್ಮಮ್ಮನಿಗೆ ಇದನ್ನು ನೆಂಟರಿಗೆ ವಿವರಿಸಲು ಬರುತ್ತಿರಲಿಲ್ಲ. "ಮಗಳು ಮರದ ಡಾಕ್ಟ್ರು" ಎಂದು ಹೇಳಿ ಮಾತು ಮುಗಿಸುತ್ತಿದ್ದರು. ಮದುವೆಯಾಗಿ ಗಂಡನ ಜೊತೆ ದುಬೈಗೆ ಬಂದ ಮೇಲೆ ಆ ಡಾಕ್ಟರಿಕೆ ಯಾರಿಗೂ ಬೇಕಾಗಲಿಲ್ಲ. ಮಗಳು ನರ್ಸರಿಗೆ ಹೋಗಲು ಶುರು ಮಾಡಿದ ಮೇಲೆ ಹುಡುಕಿ ಹುಡುಕಿ ಸಿಕ್ಕಿದ್ದು ಈ ಟೈಪಿಂಗ್ ಕೆಲಸ. ವೀಸಾದಲ್ಲಿ ಕ್ಲರ್ಕ್ ಎಂದಿತ್ತು. ಮನೆಯಿದ್ದ ಕರಾಮಾದಿಂದ ಕಂಪನಿ ಬಸ್ಸಿನಲ್ಲಿ ಹೋಗಿ ಬರುವಾಗ ಎರಡು ವರ್ಷ ನಾನು ಕಿಟಕಿಯಾಚೆ ನೋಡುತ್ತ ಕೂತಿದ್ದೇ ಹೆಚ್ಚು.

ಒಂದು ಶನಿವಾರ ಬೆಳಿಗ್ಗೆ ಅರಬರ ಬಿಳಿ ನಿಲುವಂಗಿ ಕಂದೂರಾ ತೊಟ್ಟ ಹಿರಿಯರೊಬ್ಬರು ನಮ್ಮ ಕಚೇರಿಗೆ ಬಂದರು. ನೆಟ್ಟಗೆ ನಿಲ್ಲುವ ರೀತಿಯಲ್ಲೇ ಅವರು ಸೈನ್ಯದಲ್ಲಿದ್ದವರು ಎಂದು ತಿಳಿಯುತ್ತಿತ್ತು. ಅವರ ಹಿಂದೆ, ನಾಲ್ಕು ಉದ್ದುದ್ದ ರಟ್ಟಿನ ಪೆಟ್ಟಿಗೆಗಳನ್ನು ಎದೆಗವಚಿಕೊಂಡು, ಐವತ್ತರ ಆಸುಪಾಸಿನ ಒಬ್ಬ ಮನುಷ್ಯ. ಹಿರಿಯರು ಅಬುಧಾಬಿಯ ಹೊರಗಿನ ಒಂದು ಗುಂಡುಹಾರಿಸುವ ಕ್ಲಬ್ಬನ್ನು ನೋಡಿಕೊಳ್ಳುತ್ತಿದ್ದ ನಿವೃತ್ತ ಅಧಿಕಾರಿ. ಹಿಂದೆ ನಿಂತವರು ಆ ಕ್ಲಬ್ಬಿನ ಬಂದೂಕುಗಳ ಉಗ್ರಾಣ ನೋಡಿಕೊಳ್ಳುವವರು.

ಪೆಟ್ಟಿಗೆ ತೆರೆದಾಗ ಕಂಡದ್ದು ಬಂದೂಕಿನ ಮರದ ಭಾಗಗಳು. ಕಬ್ಬಿಣದ ನಳಿಗೆಯನ್ನು ಕೂರಿಸಿಕೊಂಡು, ಹಿಂದಕ್ಕೆ ಹೆಗಲಿಗೆ ಒರಗುವ ಈ ಭಾಗಕ್ಕೆ ಸ್ಟಾಕ್ ಎನ್ನುತ್ತಾರೆ. ಇವು ಇಡೀ ಮರದಿಂದ ಕೆತ್ತಿದವಲ್ಲ. ಕಾಗದದ ರಟ್ಟಿನಷ್ಟು ತೆಳ್ಳಗಿನ ಮರದ ಹಾಳೆಗಳಿಗೆ ಬಣ್ಣ ಹಾಕಿ, ರಾಳದ ಅಂಟು ಹಚ್ಚಿ, ಒತ್ತಿ ಒಂದು ಮಾಡಿ, ಆಮೇಲೆ ಕೆತ್ತಿದ್ದು. ನೀಲಿ, ಬೂದು ಪಟ್ಟೆಗಳು ಒಂದರ ಪಕ್ಕ ಒಂದು ಉದ್ದಕ್ಕೂ ಹರಿದಿದ್ದವು. ನಾಲ್ಕೂ ಒಂದೇ ಜಾಗದಲ್ಲಿ ಒಡೆದಿದ್ದವು. ಬೆರಳುಗಳು ಹಿಡಿಯುವ ಸಣ್ಣ ಕೊರಳಿನ ಹತ್ತಿರ.

"ಇವು ಬಿದ್ದು ಮುರಿದವೋ, ತಾವಾಗಿ ಮುರಿದವೋ? ಅಷ್ಟು ಹೇಳಿ ಸಾಕು" ಎಂದರು ಅಧಿಕಾರಿ, ಇಂಗ್ಲಿಷು ಹಿಂದಿ ಬೆರೆಸಿ.

ನಮ್ಮ ಮ್ಯಾನೇಜರ್ ಈಜಿಪ್ಟಿನವರು, ಒಳ್ಳೆಯ ಮನುಷ್ಯ. ಆದರೆ ಅವರ ಪ್ರಪಂಚದಲ್ಲಿ ಸಿಮೆಂಟು ಮತ್ತು ಉಕ್ಕು ಮಾತ್ರ. ಕೈಯಾಡಿಸಿ, "ಮರ ಇಲ್ಲಿ ಮಾಫಿ, ಇಲ್ಲ" ಎಂದರು.

ಪೆಟ್ಟಿಗೆ ಹಿಡಿದವರು ತಮ್ಮಷ್ಟಕ್ಕೆ ಗೊಣಗಿಕೊಂಡದ್ದು ನನ್ನ ಕಿವಿಗೆ ಬಿತ್ತು. "ದೇವರೇ, ಇಲ್ಲಿಯೂ ಆಗುದಿಲ್ಲವಂತೆ. ಇನ್ನು ಎಲ್ಲಿಗೆ ಹೋಗುದು?"

ಕನ್ನಡ! ಆ ಕಚೇರಿಯಲ್ಲಿ ಎರಡು ವರ್ಷದಲ್ಲಿ ನಾನು ಕೇಳಿದ ಮೊದಲ ಕನ್ನಡ ವಾಕ್ಯ ಅದು. ನಾನು ಎದ್ದು ನಿಂತೆ. ಕುರ್ಚಿ ಹಿಂದಕ್ಕೆ ಜರುಗಿ ಗೋಡೆಗೆ ಬಡಿಯಿತು.

"ಸರ್, ನನಗೆ ಮರ ಗೊತ್ತು" ಎಂದೆ ಮ್ಯಾನೇಜರಿಗೆ. "ಐದು ವರ್ಷ ಅದನ್ನೇ ಮಾಡಿದೀನಿ. ನೀವು ಕೆಲಸಕ್ಕೆ ತಗೊಂಡಾಗ ನಾನು ಕೊಟ್ಟ ಕಾಗದಗಳಲ್ಲಿ ಎಲ್ಲ ಇದೆ."

ಅವರು ಆ ಕಾಗದಗಳನ್ನು ಓದಿರಲಿಲ್ಲ ಎಂಬುದು ಮುಖದಲ್ಲೇ ಕಂಡಿತು. ಅಧಿಕಾರಿ ಮಾತ್ರ ನನ್ನ ಕಡೆ ತಿರುಗಿ, "ಎಷ್ಟು ದಿನ ಬೇಕು?" ಎಂದರು.

"ಎರಡು ವಾರ."

"ಯಲ್ಲಾ, ಶುರು ಮಾಡಿ" ಎಂದು ಹೇಳಿ ಎದ್ದೇಬಿಟ್ಟರು. ಮ್ಯಾನೇಜರಿಗೆ ಬೇಡ ಎನ್ನಲು ಎಡೆಯೇ ಸಿಗಲಿಲ್ಲ.

ಅಧಿಕಾರಿ ಒಳಗೆ ಕಾಗದಪತ್ರಕ್ಕೆ ಸಹಿ ಹಾಕುತ್ತಿದ್ದಾಗ ಉಗ್ರಾಣದವರು ನನ್ನ ಮೇಜಿನ ಹತ್ತಿರ ಬಂದರು. ಕಾರ್ಕಳದ ಹತ್ತಿರದವರು. ಮನೆಮಾತು ಕೊಂಕಣಿ. ಅವರ ತಂದೆ ಇಗರ್ಜಿಗಳಿಗೆ, ಅಂದರೆ ಚರ್ಚುಗಳಿಗೆ, ಬಾಗಿಲು, ಬೆಂಚು ಕೆತ್ತುತ್ತಿದ್ದವರು. ಇವರೂ ಬಡಗಿಯಾಗಿಯೇ ಗಲ್ಫಿಗೆ ಬಂದು, ಆಮೇಲೆ ಈ ಕ್ಲಬ್ಬು ಸೇರಿ ಹತ್ತೊಂಬತ್ತು ವರ್ಷವಾಗಿತ್ತು. ಹೊಸದಾಗಿ ಹತ್ತು ರೈಫಲ್ ಬಂದಿದ್ದವಂತೆ, ದೂರದ ಗುರಿಗೆ ಹೊಡೆಯುವಂಥ, ಜೋರಾಗಿ ಒದೆಯುವಂಥವು. ಮೂರು ತಿಂಗಳಲ್ಲಿ ಅವುಗಳಲ್ಲಿ ನಾಲ್ಕು ಒಡೆದವು. ತರಿಸಿಕೊಟ್ಟ ಕಂಪನಿಯವರು, ಈ ಥರದ ಮರ ಬೀಳಿಸದೆ ಒಡೆಯುವುದೇ ಇಲ್ಲ ಎಂದು ಪತ್ರ ಬರೆದಿದ್ದರು. ಕಪಾಟಿನಿಂದ ತೆಗೆದು ಮೈದಾನಕ್ಕೆ ಒಯ್ದು ಕೊಡುವವರು, ತಿರುಗಿ ತಂದು ಇಡುವವರು ಇವರೊಬ್ಬರೇ. ಹಾಗಾಗಿ ಬೀಳಿಸಿದವರೂ ಇವರೇ ಎಂದಾಯಿತು.

"ಬೀಳಿಸಿದ್ದಕ್ಕಲ್ಲ ಮೇಡಂ, ಬೀಳಿಸಿ ಸುಳ್ಳು ಹೇಳಿದ ಅಂತ ವೀಸಾ ಕ್ಯಾನ್ಸಲ್ ಮಾಡ್ಲಿಕ್ಕೆ ಹೊರಟಿದ್ದಾರೆ" ಎಂದರು. "ಇವರು ಒಳ್ಳೆಯವರು, ಈ ಹಿರಿಯರು. ಒಮ್ಮೆ ಪರೀಕ್ಷೆ ಮಾಡಿಸಿ ನೋಡುವ ಅಂತ ಹೇಳಿದ್ದು ಇವರೇ."

"ಅಣ್ಣ, ಒಂದು ಮಾತು ಮೊದಲೇ ಹೇಳ್ಬಿಡ್ತೀನಿ" ಎಂದೆ. "ಬಿದ್ದು ಮುರಿದಿದ್ರೆ ಬಿದ್ದು ಮುರಿದಿದೆ ಅಂತಲೇ ಬರೀತೀನಿ. ನೀವು ನಮ್ಮ ಕಡೆಯವರು ಅಂತ ಒಂದಕ್ಷರ ಆಚೀಚೆ ಮಾಡಲ್ಲ."

"ಬರೀರಿ ಮೇಡಂ. ಹಾಗೇ ಬರೀಬೇಕು" ಎಂದರು ಅವರು, ಸ್ವಲ್ಪವೂ ಹಿಂಜರಿಯದೆ. "ಆದ್ರೆ ಬೀಳ್ಲಿಲ್ಲ. ಒಂದು ಸಲವೂ ಬೀಳ್ಲಿಲ್ಲ."

ಮೊದಲ ದಿನ ನಾನು ಏನನ್ನೂ ಮುರಿಯಲಿಲ್ಲ. ಭೂತಗನ್ನಡಿ ಹಿಡಿದು ಸುಮ್ಮನೆ ನೋಡಿದೆ. ಎರಡು ವರ್ಷ ಕೀಬೋರ್ಡಿನ ಮೇಲಿದ್ದ ಬೆರಳುಗಳು ಬಿರುಕಿನ ಅಂಚಿನ ಮೇಲೆ ಓಡಿದಾಗ ಮೈಯೆಲ್ಲ ಎಚ್ಚರವಾಯಿತು. ಅಂಟಿಸಿದ ಮರ ಒಡೆದಾಗ ಮೊದಲು ನೋಡಬೇಕಾದ್ದು ಅಂಟು. ಅಂಟು ಕೆಟ್ಟದ್ದಾಗಿದ್ದರೆ ಹಾಳೆಗಳು ನುಣ್ಣಗೆ, ಹೊಳೆಯುವಂತೆ ಬಿಟ್ಟುಕೊಳ್ಳುತ್ತವೆ. ಇಲ್ಲಿ ಹಾಗಿರಲಿಲ್ಲ. ಒಡೆದ ಎರಡೂ ಮುಖಗಳಲ್ಲಿ ಮರದ ನಾರು ಹರಿದು ಮೀಸೆಯಂತೆ ನಿಂತಿತ್ತು. ಅಂದರೆ ಅಂಟು ಮರಕ್ಕಿಂತ ಗಟ್ಟಿಯಾಗಿತ್ತು. ಮಾಲು ಕಳಪೆ ಎಂಬ ಗುಮಾನಿ ಅಲ್ಲಿಗೆ ಹೋಯಿತು. ಕಂಪನಿಯವರು ಆ ಮಟ್ಟಿಗೆ ಸರಿಯಾಗಿಯೇ ಹೇಳಿದ್ದರು, ಮರ ಬಲವಾದದ್ದೇ.

ಎರಡನೆಯದಾಗಿ ಕಂಡದ್ದು ಬಣ್ಣ. ಬಿರುಕು ಶುರುವಾದ ಕಡೆ ಮರ ಕಪ್ಪಾಗಿತ್ತು. ಹಿಂದಕ್ಕೆ ಹೋಗುತ್ತ ಹೋಗುತ್ತ ಕಂದಾಗಿ, ಕೊನೆಯ ಎರಡು ಬೆರಳಿನಷ್ಟು ಜಾಗದಲ್ಲಿ ಮಾತ್ರ ಹೊಸದಾಗಿ ಸೀಳಿದ ಮರದ ಹಸಿ ಬಣ್ಣವಿತ್ತು. ಮೂಸಿ ನೋಡಿದೆ. ಎಣ್ಣೆ. ಬಂದೂಕಿನ ಕಬ್ಬಿಣಕ್ಕೆ ಹಚ್ಚುವ ಎಣ್ಣೆ ಬಿರುಕಿನೊಳಗೆ ಇಳಿದಿತ್ತು. ಒಂದೇ ಏಟಿಗೆ ಬಿದ್ದು ಮುರಿದ ಮರದಲ್ಲಿ ಎಣ್ಣೆ ಇಷ್ಟು ಆಳಕ್ಕೆ ಇಳಿಯಲು ಹೊತ್ತೆಲ್ಲಿರುತ್ತದೆ? ಈ ಬಿರುಕು ವಾರಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಬೆಳೆದಿತ್ತು.

ಮೂರನೆಯದು ಸಿಕ್ಕಿದಾಗ ನನಗೆ ಕೂಗಬೇಕೆನಿಸಿತು. ಕಬ್ಬಿಣದ ಯಂತ್ರಭಾಗಕ್ಕೆ ಹಿಂಬದಿಯಲ್ಲಿ ಒಂದು ಕಿರಿದಾದ ಬಾಲವಿರುತ್ತದೆ, ಅದು ಮರದಲ್ಲಿ ಕೊರೆದ ಕಚ್ಚಿನೊಳಗೆ ಕೂರುತ್ತದೆ. ಗುಂಡು ಹಾರಿದಾಗ ಕಬ್ಬಿಣವೆಲ್ಲ ಹಿಂದಕ್ಕೆ ಒದೆಯುತ್ತದೆ. ಆ ಒದೆತವನ್ನು ತಡೆಯಲು ಮುಂದೆ ಅಗಲವಾದ ಒಂದು ಕಬ್ಬಿಣದ ಹಲ್ಲಿದೆ, ಅದರ ಹಿಂದೆ ದಪ್ಪ ಮರವಿದೆ. ಬಾಲದ ಹಿಂದೆ ಮಾತ್ರ ಒಂದಿಷ್ಟು ಖಾಲಿ ಜಾಗ ಬಿಡಬೇಕು. ಈ ನಾಲ್ಕರಲ್ಲೂ ಬಾಲ ಮರಕ್ಕೆ ತಾಗಿ, ಅಲ್ಲಿ ಮರ ಜಜ್ಜಿ, ಕನ್ನಡಿಯಂತೆ ಹೊಳೆಯುತ್ತಿತ್ತು. ಪ್ರತಿ ಗುಂಡಿಗೂ ಆ ಬಾಲ ಸೌದೆ ಸೀಳುವ ಬೆಣೆಯ ಹಾಗೆ ಮರದೊಳಕ್ಕೆ ಬಡಿದಿತ್ತು.

ಮಧ್ಯಾಹ್ನ ಕ್ಲಬ್ಬಿಗೆ ಫೋನು ಮಾಡಿ ಉಗ್ರಾಣದವರನ್ನು ಕೇಳಿದೆ. "ಅಣ್ಣ, ಕಬ್ಬಿಣದ ಬಾಲ ಇದೆಯಲ್ಲ, ಅದು ಮರದೊಳಗೆ ಹೇಗೆ ಕೂರುತ್ತೆ? ಸಡಿಲಾನಾ, ಬಿಗೀನಾ?"

"ಬಿಗಿ ಅಂದ್ರೆ ಎಂತ ಹೇಳುದು! ತೆಗೀಲಿಕ್ಕೆ ಕೈಯಲ್ಲಿ ತಟ್ಟಬೇಕು. ನಾನು ಮೊದಲ ದಿನವೇ ಹೇಳಿದ್ದೆ ಮೇಡಂ, ಇಷ್ಟು ಬಿಗಿ ಒಳ್ಳೇದಲ್ಲ ಅಂತ. ನೀನು ಸ್ಟೋರ್‌ಕೀಪರ್, ಬಂದೂಕಿನ ಎಂಜಿನಿಯರ್ ಅಲ್ಲ ಅಂದ್ರು."

ಕಾರಣ ಸಿಕ್ಕಿತ್ತು. ಆದರೆ ಬಿದ್ದಿಲ್ಲ ಎಂದು ತೋರಿಸಬೇಕಾದರೆ, ಬಿದ್ದರೆ ಹೇಗೆ ಮುರಿಯುತ್ತದೆ ಎಂಬುದನ್ನು ಕಣ್ಣೆದುರು ಇಡಬೇಕು. ಅಧಿಕಾರಿಗೆ ಹೇಳಿ ಎರಡು ಹೊಸ ಸ್ಟಾಕ್ ಕೇಳಿದೆ. ಮುರಿಯಲು ಎಂದು ಬಿಡಿಸಿ ಹೇಳಿದೆ. ಮರುದಿನವೇ ಕಳಿಸಿದರು.

ಮೊದಲನೆಯದನ್ನು ಸರಳು ಬಗ್ಗಿಸುವ ದೊಡ್ಡ ಯಂತ್ರದಲ್ಲಿಟ್ಟೆ. ಸಾಮಾನ್ಯ ಮರವಾಗಿದ್ದರೆ ಇಷ್ಟರಲ್ಲಿ ಚಟಚಟ ಅನ್ನಬೇಕಿತ್ತು ಎಂದು ನನಗನಿಸಿದ ಮೇಲೂ ಭಾರ ತೋರಿಸುವ ಮುಳ್ಳು ಏರುತ್ತಲೇ ಹೋಯಿತು. ಸುತ್ತ ನಿಂತಿದ್ದ ಹುಡುಗರು ಒಬ್ಬರನ್ನೊಬ್ಬರು ನೋಡಿಕೊಂಡರು. ಮ್ಯಾನೇಜರ್ ಚಹಾದ ಲೋಟ ಹಿಡಿದು ಬಂದವರು ಕುಡಿಯುವುದನ್ನು ಮರೆತರು. ಕೊನೆಗೆ ಪಟಾಕಿ ಸಿಡಿದ ಹಾಗೆ ಸದ್ದಾಗಿ ಕೊರಳಿನಲ್ಲಿ ಅಡ್ಡಡ್ಡ ಮುರಿಯಿತು. "ಇದು ಮರವಾ?" ಎಂದು ಅವರು ನನ್ನನ್ನು ಕೇಳಿದರು. ಇಡೀ ಮರದ ತುಂಡಿನಲ್ಲಿ ಗಂಟು, ಸೀಳುಗಳು ಅಲ್ಲಲ್ಲೇ ಉಳಿದು ಅದನ್ನು ದುರ್ಬಲ ಮಾಡುತ್ತವೆ, ತೆಳು ಹಾಳೆಗಳಾಗಿಸಿ ಅಂಟಿಸಿದಾಗ ಒಂದು ಹಾಳೆಯ ದೋಷವನ್ನು ಪಕ್ಕದ ಹಾಳೆಗಳು ಹೊತ್ತುಕೊಳ್ಳುತ್ತವೆ ಎಂದು ವಿವರಿಸಿದೆ. ಅವರು ಮೊದಲ ಸಲ ನನ್ನ ಮಾತನ್ನು ತಲೆಯಾಡಿಸುತ್ತ ಕೇಳಿದರು.

ಎರಡನೆಯದಕ್ಕೆ ನಳಿಗೆಯಷ್ಟೇ ತೂಕದ ಉಕ್ಕಿನ ಕೊಳವೆ ಬಿಗಿದು ಅಂಗಳಕ್ಕೆ ಒಯ್ದೆ. ಸೊಂಟದೆತ್ತರದಿಂದ ಕಾಂಕ್ರೀಟ್ ನೆಲದ ಮೇಲೆ ಬಿಟ್ಟೆ. ಗೀರಾಯಿತು, ಅಷ್ಟೆ. ಹೆಗಲೆತ್ತರದಿಂದ ಬಿಟ್ಟೆ. ಹಿಂಬದಿಯ ಮೂಲೆಯಲ್ಲಿ ಒಂದು ಚಕ್ಕೆ ಹಾರಿತು. ಬಿಸಿಲು ನೆತ್ತಿ ಸುಡುತ್ತಿತ್ತು. ಏಣಿ ಹತ್ತಿದೆ, ಅಲ್ಲಿಂದಲೂ ಮುರಿಯಲಿಲ್ಲ. ಅಷ್ಟರಲ್ಲಿ ಪಕ್ಕದ ಗೋದಾಮಿನವರೆಲ್ಲ ಬೇಲಿಯ ಹತ್ತಿರ ಸೇರಿದ್ದರು. ಕೊನೆಗೆ ಕಟ್ಟಡದ ಹೊರಮೆಟ್ಟಿಲಿನ ತುದಿಯಿಂದ ಬಿಟ್ಟಾಗ ಮುರಿಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಓಡಿ ಇಳಿದು ಎತ್ತಿಕೊಂಡೆ. ಕೊರಳಿನಲ್ಲಿ ಅಡ್ಡಡ್ಡ ಮುರಿದಿತ್ತು. ಉದ್ದುದ್ದ ಬಿಳಿ ಸಿಬಿರುಗಳು. ಎಣ್ಣೆಯ ಕಲೆ ಇಲ್ಲ, ಬಾಲ ಕೂರುವ ಕಡೆ ಒಂದು ಗೆರೆಯೂ ಇಲ್ಲ. ಕ್ಲಬ್ಬಿನಿಂದ ಬಂದ ನಾಲ್ಕಕ್ಕೂ ಇದಕ್ಕೂ ಯಾವ ಹೋಲಿಕೆಯೂ ಇರಲಿಲ್ಲ.

ವರದಿಯನ್ನು ನಾನೇ ಬರೆದು ನಾನೇ ಟೈಪು ಮಾಡಿದೆ. ಮ್ಯಾನೇಜರ್ ಎರಡು ಸಲ ಓದಿ, ಪೆನ್ನನ್ನು ನನ್ನ ಕಡೆ ಚಾಚಿದರು. "ಮುರಿದವಳು ನೀನು. ಸಹಿ ನೀನು ಹಾಕು, ಕೆಳಗೆ ನಾನೂ ಹಾಕುತ್ತೇನೆ."

ಎರಡು ವಾರ ಮುಗಿದಾಗ ಕ್ಲಬ್ಬಿನಲ್ಲಿ ಸಭೆ. ನಮ್ಮ ಪರೀಕ್ಷಾಲಯದ ಕಾರು ಅಬುಧಾಬಿಯ ಹತ್ತಿರದ ಬನಿಯಾಸ್ ದಾಟಿ ಮರಳಿನ ನಡುವಿನ ರಸ್ತೆ ಹಿಡಿಯಿತು. ತಣ್ಣಗಿನ ಕೋಣೆಯಲ್ಲಿ ಅಧಿಕಾರಿ, ರೈಫಲ್ ತರಿಸಿಕೊಟ್ಟ ಕಂಪನಿಯ ಪ್ರತಿನಿಧಿ, ನಮ್ಮ ಮ್ಯಾನೇಜರ್. ಉಗ್ರಾಣದವರು ಬಾಗಿಲ ಹತ್ತಿರ ನಿಂತೇ ಇದ್ದರು, ಕೂರಲು ಯಾರೂ ಹೇಳಿರಲಿಲ್ಲ.

ನಾನು ಮುರಿದ ತುಂಡುಗಳನ್ನು ಮೇಜಿನ ಮೇಲೆ ಜೋಡಿಸಿ ಒಂದೊಂದಾಗಿ ತೋರಿಸಿದೆ. ಪ್ರತಿನಿಧಿ ಸಭ್ಯವಾಗಿ ಕೇಳಿಸಿಕೊಂಡು, ಕೊನೆಗೆ ಹೇಳಿದರು, "ನಿಮ್ಮ ಪ್ರಯೋಗ ಚೆನ್ನಾಗಿದೆ. ಆದರೆ ಎಣ್ಣೆಯನ್ನು ಆಮೇಲೂ ಬಿಡಬಹುದು. ಒಡೆದವುಗಳನ್ನು ಬಿಚ್ಚಿದವನು, ಒರೆಸಿದವನು, ಪೆಟ್ಟಿಗೆಗೆ ಹಾಕಿದವನು ಇದೇ ಮನುಷ್ಯ."

ಉಗ್ರಾಣದವರ ಕಿವಿಗಳು ಕೆಂಪಾದದ್ದು ನನಗೆ ಕಂಡಿತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು, ಸಿಟ್ಟಿನ ಜೊತೆಗೇ ಒಂದು ಉಪಾಯವೂ ಬಂತು.

"ಒಡೆಯದೆ ಉಳಿದಿರುವ ಆರು ಇವೆಯಲ್ಲ, ಅವನ್ನು ತರಿಸಿ" ಎಂದೆ. "ಅವು ಚೆನ್ನಾಗಿವೆ ಅಂತ ಎಲ್ಲರೂ ನಂಬಿದ್ದೀರಿ. ಅವನ್ನು ಯಾರೂ ಬೀಳಿಸಿಲ್ಲ. ಈಗಲೇ ಇಲ್ಲೇ ಬಿಚ್ಚಿಸಿ. ಬಾಲದ ಹಿಂದೆ ಅದೇ ಬಿರುಕು ಶುರುವಾಗಿರುತ್ತೆ."

ನಮ್ಮ ಮ್ಯಾನೇಜರ್ ಗಾಬರಿಯಿಂದ ನನ್ನನ್ನು ನೋಡಿದರು. ಅಧಿಕಾರಿ ತರಲು ಬೆರಳಿನಿಂದ ಸನ್ನೆ ಮಾಡಿದರು. ಆರು ರೈಫಲ್ ಬಂದವು.

ಮೊದಲನೆಯದನ್ನು ಅಧಿಕಾರಿಯೇ ಬಿಚ್ಚಿದರು. ಮರದ ಕಚ್ಚನ್ನು ದೀಪಕ್ಕೆ ಹಿಡಿದೆ. ಏನೂ ಇಲ್ಲ. ತಂದಿದ್ದ ಸ್ಪಿರಿಟ್ಟನ್ನು ಹತ್ತಿಗೆ ಅದ್ದಿ ಒರೆಸಿದೆ. ಆಗಲೂ ಏನಿಲ್ಲ. ನುಣ್ಣಗೆ, ಹೊಸದರಂತೆ. ಪ್ರತಿನಿಧಿ ಕೈಗಡಿಯಾರ ನೋಡಿಕೊಂಡರು.

ಆಗ ಬಾಗಿಲ ಹತ್ತಿರದಿಂದ ದನಿ ಬಂತು, ಕನ್ನಡದಲ್ಲಿ. "ಮೇಡಂ, ಅದು ಯಾರೂ ಹೊಡೆಯದ್ದು. ಹಿಡಿ ಗಿಡ್ಡ ಅಂತ ಯಾರಿಗೂ ಬೇಡ. ಬಂದ ದಿನದಿಂದ ಕಪಾಟಿನಲ್ಲೇ ಉಂಟು. ಆ ಕೊನೆಯದ್ದು ನೋಡಿ, ದಿನಾ ಹೊಡೆಯುದು ಅದರಲ್ಲಿ."

ನಾನು ಅದನ್ನು ಹಿಂದಿಯಲ್ಲಿ ಅಧಿಕಾರಿಗೆ ಹೇಳಿ, ಕೊನೆಯದನ್ನು ಬಿಚ್ಚಲು ಕೇಳಿಕೊಂಡೆ. ಬಾಲದ ಹಿಂದೆ ಮರ ಹೊಳೆಯುತ್ತಿತ್ತು. ಬಿರುಕು ಮಾತ್ರ ಕಣ್ಣಿಗೆ ಕಾಣಲಿಲ್ಲ. ಮತ್ತೆ ಸ್ಪಿರಿಟ್ ಒರೆಸಿದೆ. "ಎಲ್ಲರೂ ಇಲ್ಲಿ ನೋಡಿ, ಒಣಗೋ ತನಕ ಕಾಯಿರಿ" ಎಂದೆ.

ಸ್ಪಿರಿಟ್ ಮೇಲ್ಮೈಯಿಂದ ಬೇಗ ಆರಿಹೋಗುತ್ತದೆ. ಬಿರುಕಿನೊಳಗೆ ಇಳಿದದ್ದು ಮಾತ್ರ ತಡವಾಗಿ ಆರುತ್ತದೆ. ಮರದ ನೀಲಿ ಬಣ್ಣ ಮೆಲ್ಲಗೆ ಮಾಸುತ್ತ ಬಂತು. ಎಲ್ಲ ಒಣಗಿದ ಮೇಲೆ ಅಲ್ಲೊಂದು ಗೆರೆ ಉಳಿಯಿತು. ಬಾಲದ ತುದಿಯಿಂದ ಹಿಂದಕ್ಕೆ, ಕೂದಲೆಳೆಯಷ್ಟು ಸಣ್ಣ, ಒದ್ದೆಯಾದ ಕಪ್ಪು ಗೆರೆ.

ಅಧಿಕಾರಿ ಕನ್ನಡಕ ತೆಗೆದು, ಮೂಗು ಮರಕ್ಕೆ ತಾಗುವಷ್ಟು ಬಗ್ಗಿ ನೋಡಿದರು. ಆಮೇಲೆ ಸ್ಟಾಕನ್ನು ಪ್ರತಿನಿಧಿಯ ಮುಂದಿಟ್ಟು ಕೇಳಿದರು, "ಇದನ್ನು ಯಾರು ಬೀಳಿಸಿದರು?"

ಉಳಿದ ನಾಲ್ಕನ್ನೂ ಬಿಚ್ಚಿದೆವು. ಮೂರರಲ್ಲಿ ಅದೇ ಗೆರೆ. ನಾಲ್ಕನೆಯದರಲ್ಲಿ ಬಿರುಕಿರಲಿಲ್ಲ, ಆದರೆ ಬಾಲ ಬಡಿದ ಹೊಳಪಿತ್ತು. ಮೂರನೆಯ ಗೆರೆ ಮೂಡುವ ಹೊತ್ತಿಗೆ ಪ್ರತಿನಿಧಿಯೇ ಕೋಟು ಬಿಚ್ಚಿಟ್ಟು, ನನ್ನ ಕೈಯಿಂದ ಹತ್ತಿ ತೆಗೆದುಕೊಂಡು ತಾನೇ ಒರೆಸಿ ನೋಡಿದರು. "ನಾನು ತಪ್ಪು ಹೇಳಿದೆ" ಎಂದರು, ಎಲ್ಲರಿಗೂ ಕೇಳುವಂತೆ. ಆ ಮಾತಿಗೆ ಅವರನ್ನು ನಾನು ಇವತ್ತಿಗೂ ಗೌರವಿಸುತ್ತೇನೆ.

ಅಧಿಕಾರಿ ಎದ್ದು ಬಾಗಿಲ ಹತ್ತಿರ ಹೋದರು. ಉಗ್ರಾಣದವರ ಎರಡೂ ಕೈ ಹಿಡಿದು, "ಹತ್ತೊಂಬತ್ತು ವರ್ಷ ನೋಡಿಯೂ ನಿನ್ನ ಮಾತು ನಮಗೆ ಸಾಕಾಗಲಿಲ್ಲ. ಅದು ನಮ್ಮ ತಪ್ಪು" ಎಂದರು. ಮೊದಲ ದಿನ ಬಿಗಿ ಜಾಸ್ತಿಯಾಯಿತು ಎಂದು ಹೇಳಿದ್ದು ಇವರೇ ಎಂದು ನಾನು ಅಧಿಕಾರಿಗೆ ತಿಳಿಸಿದೆ. ಅವರು ಒಂದು ಕುರ್ಚಿಯನ್ನು ತಾವೇ ಎಳೆದು ಇವರನ್ನು ಮೇಜಿನ ಹತ್ತಿರ ಕೂರಿಸಿದರು.

ಉಗ್ರಾಣದವರು ಕೂತು, ಕಣ್ಣೊರೆಸಿಕೊಂಡು, ಮೊದಲು ಕೇಳಿದ್ದು ಇದು, "ಸರ್, ಇವನ್ನು ಬಿಸಾಡ್ಬೇಡಿ. ನಾನು ಸರಿ ಮಾಡ್ತೇನೆ."

ಕಾರ್ಖಾನೆಯಿಂದ ಹೊಸ ಸ್ಟಾಕುಗಳು ಬರುತ್ತವೆ ಎಂದು ಪ್ರತಿನಿಧಿ ಹೇಳಿದರು. ಆಮೇಲೆ ಬಂದವು ಕೂಡ. ಆ ಒಂದು ಕಂತಿನ ಸ್ಟಾಕುಗಳಲ್ಲಿ ಬಾಲದ ಕಚ್ಚನ್ನು ತೀರ ಬಿಗಿಯಾಗಿ ಕೊರೆದಿದ್ದೆವೆಂದು ಕಾರ್ಖಾನೆಯವರೇ ಒಪ್ಪಿ ಬರೆದರು. ಆದರೆ ಅಧಿಕಾರಿ, "ಮಾಡು ನೋಡೋಣ" ಎಂದು ಆ ಆರರಲ್ಲಿ ಬಿರುಕು ಕಂಡ ನಾಲ್ಕನ್ನೂ ಅವರಿಗೇ ಒಪ್ಪಿಸಿದರು.

ಆ ಕೆಲಸ ನೋಡಲು ನಾನು ಒಂದು ಗುರುವಾರ ರಜೆ ಹಾಕಿ ಹೋದೆ. ಉಗ್ರಾಣದ ಹಿಂದಿನ ಚಿಕ್ಕ ಕೋಣೆಯಲ್ಲಿ ಅವರು ಏಪ್ರನ್ ಕಟ್ಟಿಕೊಂಡು ಬೇರೆಯೇ ಮನುಷ್ಯರಾಗಿದ್ದರು. ಬಿರುಕಿನ ಎಣ್ಣೆಯನ್ನು ಸ್ಪಿರಿಟ್ಟಿನಿಂದ ದಿನಗಟ್ಟಲೆ ತೊಳೆದಿದ್ದರು, ಎಣ್ಣೆ ಉಳಿದರೆ ಅಂಟು ಹಿಡಿಯುವುದಿಲ್ಲವೆಂದು. ಅವರ ಹೆಂಡತಿ ಬನಿಯಾಸಿನ ಒಂದು ಕ್ಲಿನಿಕ್ಕಿನಲ್ಲಿ ನರ್ಸು. ಆಕೆ ತಂದುಕೊಟ್ಟ ಹೊಸ ಸಿರಿಂಜಿನಲ್ಲಿ ಎಪಾಕ್ಸಿ ಅಂಟು ತುಂಬಿ ಬಿರುಕಿಗೆ ಚುಚ್ಚಿದರು. ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ ಕೊರಳಿನ ಸುತ್ತ ಎಳೆದು ಎಳೆದು ಸುತ್ತಿದರು.

"ಅಪ್ಪ ಹೀಗೇ ಕಟ್ತಾ ಇದ್ರು ಮೇಡಂ, ಹಗ್ಗದಲ್ಲಿ. ಕ್ಲಾಂಪು ಗಿಂಪು ಎಂತದೂ ಇರ್ಲಿಲ್ಲ" ಎಂದರು.

ಅಂಟು ಒಣಗಿದ ಮೇಲೆ ಬಾಲದ ಹಿಂದಿನ ಮರವನ್ನು ಸಣ್ಣ ಉಳಿಯಿಂದ ಕೆರೆದರು. ಒಂದು ವಿಸಿಟಿಂಗ್ ಕಾರ್ಡು ಸಲೀಸಾಗಿ ಆಡುವಷ್ಟು ಜಾಗ. ಮುಂದಿನ ಹಲ್ಲಿನ ಹಿಂದೆ ಮಾತ್ರ ಅಂಟು ತುಂಬಿ, ಕಬ್ಬಿಣಕ್ಕೂ ಮರಕ್ಕೂ ನಡುವೆ ಗಾಳಿಯೂ ನುಗ್ಗದಂತೆ ಕೂರಿಸಿದರು. ಇನ್ನು ಒದೆತವೆಲ್ಲ ದಪ್ಪ ಮರಕ್ಕೆ ಹೋಗಬೇಕು, ಕೊರಳಿಗಲ್ಲ. ಬೆಂಗಳೂರಿನಲ್ಲಿ ಐದು ವರ್ಷ ಮರ ಮುರಿಯುವುದನ್ನಷ್ಟೇ ಮಾಡಿದ್ದ ನನಗೆ, ಮುರಿದದ್ದನ್ನು ಒಬ್ಬರು ಇಷ್ಟು ನಿಧಾನವಾಗಿ, ಇಷ್ಟು ಖಚಿತವಾಗಿ ಕೂಡಿಸುವುದನ್ನು ನೋಡುತ್ತ ಹೊತ್ತು ಹೋದದ್ದೇ ತಿಳಿಯಲಿಲ್ಲ.

ಪರೀಕ್ಷೆಯ ದಿನ ಅಧಿಕಾರಿಯೇ ಹೊಡೆದರು. ಚಳಿಗಾಲದ ಬೆಳಗು, ಮೈದಾನದ ಮೇಲೆ ಮಂಜು ಆಗಷ್ಟೇ ಕರಗಿತ್ತು. ಅತಿ ಹೆಚ್ಚು ಬಿರುಕಿದ್ದ ಸ್ಟಾಕನ್ನೇ ಆರಿಸಿಕೊಂಡು, ಮಲಗಿ, ನೂರು ಗುಂಡು ಹಾರಿಸಿದರು. ನಡುನಡುವೆ ನಳಿಗೆ ಆರಲಿ ಎಂದು ನಿಲ್ಲಿಸಿ ಅರಬ್ಬಿ ಕಾಫಿ ಖಾವಾ ಕುಡಿದರು. ಉಗ್ರಾಣದವರು ಪ್ರತಿ ಗುಂಡಿಗೂ ಕಣ್ಣು ಮುಚ್ಚುತ್ತಿದ್ದರು. ಮುಗಿದ ಮೇಲೆ ಅಲ್ಲೇ ಬಿಚ್ಚಿ ಸ್ಪಿರಿಟ್ ಒರೆಸಿದೆ. ನಾವು ಮೂವರೂ ತಲೆ ತಲೆ ತಾಗಿಸಿಕೊಂಡು ನೋಡಿದೆವು. ಒಣಗಿತು. ಯಾವ ಗೆರೆಯೂ ಮೂಡಲಿಲ್ಲ. ಇನ್ನೊಮ್ಮೆ ಒರೆಸಿದೆ. ಆಗಲೂ ಮೂಡಲಿಲ್ಲ.

"ಖಲಾಸ್!" ಎಂದು ಅಧಿಕಾರಿ ಗಟ್ಟಿಯಾಗಿ ನಕ್ಕರು. ದೂರದ ಗುರಿಯ ಕಾಗದ ತರಿಸಿದರು. ರಂಧ್ರಗಳೆಲ್ಲ ನಡುವಿನಲ್ಲಿ ಒಂದು ನಿಂಬೆಹಣ್ಣಿನಷ್ಟು ಜಾಗದಲ್ಲಿ ಗುಂಪಾಗಿದ್ದವು. "ಹೊಸದಿದ್ದಾಗ ಇಷ್ಟು ಚೆನ್ನಾಗಿ ಹೊಡೆಯುತ್ತಿರಲಿಲ್ಲ" ಎಂದರು ಉಗ್ರಾಣದವರಿಗೆ. ಆಮೇಲೆ ನನ್ನ ಕಡೆ ತಿರುಗಿ, "ಈಗ ನೀವು" ಎಂದರು.

ಬಂದೂಕು ಮುಟ್ಟಿದ್ದೇ ಹೊರತು ನಾನು ಎಂದೂ ಹಾರಿಸಿರಲಿಲ್ಲ. ಸಲ್ವಾರ್ ಕಮೀಜಿನಲ್ಲಿ ಚಾಪೆಯ ಮೇಲೆ ಮಲಗಿದೆ. ಹೇಗೆ ಹೆಗಲಿಗೆ ಒತ್ತಬೇಕು, ಹೇಗೆ ಉಸಿರು ಹಿಡಿಯಬೇಕು ಎಂದು ಅಧಿಕಾರಿ ಹೇಳಿಕೊಟ್ಟರು. ಕುದುರೆ ಒದ್ದ ಹಾಗಾಯಿತು. ಎರಡು ವಾರ ನಾನು ಲೆನ್ಸಿನಲ್ಲಿ ಹುಡುಕಿದ್ದ ಆ ಒದೆತ ಎಂಥದ್ದು ಎಂದು ಹೆಗಲಿಗೇ ತಿಳಿಯಿತು. ಗುಂಡು ಗುರಿಯ ಹಲಗೆಯ ಮೂಲೆಗೆ ತಾಗಿತ್ತು. ತಾಗಿತ್ತಲ್ಲ, ಅಷ್ಟು ಸಾಕು! ಉಗ್ರಾಣದವರು ಎರಡೂ ಕೈ ಮೇಲೆತ್ತಿ ಕೂಗಿಬಿಟ್ಟರು.

ಸಂಜೆ ಮನೆಯಲ್ಲಿ ಹೆಗಲಿನ ನೀಲಿ ಕಲೆ ತೋರಿಸಿದಾಗ ಗಂಡ, "ನಿಂಗೆ ಹುಚ್ಚಾ?" ಎಂದು ಐಸ್ ತರಲು ಹೋದರು. ಮಗಳು ಮಾತ್ರ ಕಣ್ಣರಳಿಸಿ, "ಅಮ್ಮಾ, ಯೂ ರಿಯಲಿ ಶಾಟ್ ಇಟ್?" ಎಂದು ನಾಲ್ಕು ಸಲ ಕೇಳಿದಳು, ಮರುದಿನ ಶಾಲೆಯಲ್ಲಿ ಎಲ್ಲರಿಗೂ ಸಾರಿಬಂದಳು.

ಮುಂದಿನ ತಿಂಗಳಿಂದ ನಮ್ಮ ಪರೀಕ್ಷಾಲಯಕ್ಕೆ ಮರ ಬರಲು ಶುರುವಾಯಿತು. ಮೊದಲು ಇನ್ನೊಂದು ಕ್ಲಬ್ಬಿನ ಸ್ಟಾಕುಗಳು, ಆಮೇಲೆ ದೋಣಿಯ ಹಲಗೆ, ಹೋಟೆಲಿನ ಬಾಗಿಲು. ಟೈಪು ಮಾಡಲು ಬೇರೊಬ್ಬರು ಬಂದರು. ಮ್ಯಾನೇಜರ್ ನನ್ನನ್ನು ಹೊಸಬರಿಗೆ ಪರಿಚಯಿಸುವಾಗ, ಮೆಟ್ಟಿಲ ತುದಿಯಿಂದ ಬಂದೂಕು ಬೀಳಿಸಿದ ಕಥೆಯನ್ನು ಅಭಿನಯದ ಸಮೇತ ಹೇಳುತ್ತಿದ್ದರು. ವೀಸಾ ನವೀಕರಿಸಿದಾಗ ಕ್ಲರ್ಕ್ ಹೋಗಿ ಎಂಜಿನಿಯರ್ ಎಂದಾಯಿತು. ಆ ಪುಟದ ಒಂದು ಜೆರಾಕ್ಸನ್ನು ಮೈಸೂರಿಗೆ, ಅಮ್ಮನಿಗೆ ಕಳಿಸಿದೆ.

ಒಂದು ಶುಕ್ರವಾರ ಉಗ್ರಾಣದವರು ನಮ್ಮನ್ನು ಬನಿಯಾಸಿನ ತಮ್ಮ ಮನೆಗೆ ಊಟಕ್ಕೆ ಕರೆದರು. ಎರಡು ಕೋಣೆಯ ಮನೆ. ಅವರ ಹೆಂಡತಿ ಬೆಳಿಗ್ಗೆ ಡ್ಯೂಟಿ ಮುಗಿಸಿ ಬಂದು, ಅವರ ಕಡೆಯ ಮೆತ್ತನೆಯ ಇಡ್ಲಿ, ಸನ್ನ ಬೇಯಿಸಿದ್ದರು. ನಾವು ಮಾಂಸ ತಿನ್ನುವುದಿಲ್ಲವೆಂದು ಬೇರೆ ಪಾತ್ರೆಯಲ್ಲಿ ತೆಂಗಿನಕಾಯಿ ಅರೆದು ಹಾಕಿದ ಕಡಲೆ, ಸೌತೆಕಾಯಿ ಗಸಿ.

"ನಿಮಗೆ ಗೊತ್ತುಂಟಾ," ಎಂದರು ಆ ತಾಯಿ ಬಡಿಸುತ್ತ, "ಈಗ ಕ್ಲಬ್ಬಿನಲ್ಲಿ ಇವರಿಗೆ ಬೇರೆ ರೂಮು. ಬಾಗಿಲ ಮೇಲೆ ವರ್ಕ್‌ಶಾಪ್ ಅಂತ ಬೋರ್ಡು. ಯಾರ ಬಂದೂಕು ಆದ್ರೂ ಇವರು ನೋಡಿ ಸರಿ ಅಂದ ಮೇಲೆಯೇ ಮೈದಾನಕ್ಕೆ ಹೋಗುದು."

"ಅದೆಲ್ಲ ಇರ್ಲಿ ಮಾರಾಯ್ತಿ, ಅವರಿಗೆ ಸನ್ನ ಹಾಕು" ಎಂದು ಉಗ್ರಾಣದವರು ನಾಚಿಕೊಂಡರು.

"ಇರ್ಲಿ ಅಂದ್ರೆ ಹೇಗೆ? ಆ ಎರಡು ವಾರ ಇವರು ಊಟವೇ ಮಾಡ್ಲಿಲ್ಲ. ಈಗ ನೋಡಿ, ನನಗಿಂತ ಮೊದಲು ಎದ್ದು, ಹಾಡು ಹೇಳ್ತಾ ಬಸ್ಸಿಗೆ ಹೋಗ್ತಾರೆ" ಎಂದು ನಗುತ್ತ, ನಾನು ಬೇಡ ಬೇಡ ಎನ್ನುತ್ತಿದ್ದರೂ ಕೇಳದೆ ನನ್ನ ತಟ್ಟೆಗೆ ಇನ್ನೆರಡು ಸನ್ನ ಹಾಕಿದರು.